ಚೀಲದೊಳಗೇನಿದೆ ಎಂದು ಕೇಳದವರು

ಮೊದಲು ಮುರಿದದ್ದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚು. ಮೂವರು ಹುಡುಗರು ಅದರ ಮೇಲೆ ಕೂತಿದ್ದರು. ಮೂವರನ್ನೂ ಸೇರಿಸಿ ತೂಗಿದರೆ ಎರಡು ಜೋಳದ ಚೀಲಕ್ಕೆ ಸಾಟಿಯಾಗದಂಥ ಸಣಕಲು ಹುಡುಗರು. ಬೆಂಚು ನಡುವಿಗೆ ಎರಡಾಗಿ ಬಿತ್ತು, ಹುಡುಗರು ಬಿದ್ದಲ್ಲೇ ಕೂತರು, ಏಳಲಿಲ್ಲ. ನಗರಸಭೆಯವರು ಬಂದು ಬೆಂಚು ಹಾಕಿದ ಗುತ್ತಿಗೆದಾರನನ್ನು ಬೈದು ಹೋದರು. ಮರುವಾರ ಕಾಲೇಜಿನ ಹಿಂದಿನ ಕಟ್ಟೆ ಕುಸಿಯಿತು. ಅದರ ಮರುವಾರ ಗ್ರಂಥಾಲಯದ ಮಹಡಿ, ಪರೀಕ್ಷೆಗೆ ಓದುವವರು ಸಾಲಾಗಿ ಕೂರುತ್ತಿದ್ದ ಕಡೆಯೇ, ಉದ್ದಕ್ಕೆ ಬಿರುಕು ಬಿಟ್ಟಿತು. ಆಗ ಊರಿಗೆ ತಿಳಿಯಿತು, ಹದಿನೆಂಟು ದಾಟಿ ಮೂವತ್ತು ಮುಟ್ಟದವರು ಭಾರವಾಗುತ್ತಿದ್ದಾರೆ. ಮೈಕಟ್ಟು ಹಾಗೆಯೇ ಇತ್ತು, ಮುಖವೂ ಹಾಗೆಯೇ ಇತ್ತು. ತೂಕ ಮಾತ್ರ ದಿನದಿಂದ ದಿನಕ್ಕೆ ಏರುತ್ತಿತ್ತು.

ತಿಳಿದ ಮೇಲೆ ಊರು ಏನು ಮಾಡಿತು? ಹೊಂದಿಕೊಂಡಿತು. ಹೊಂದಿಕೊಳ್ಳುವುದರಲ್ಲಿ ನಮ್ಮೂರನ್ನು ಮೀರಿಸುವ ಊರು ಇನ್ನೊಂದಿಲ್ಲ. ಬಡಗಿಗಳು ಮಂಚಕ್ಕೆ ಕಬ್ಬಿಣದ ಪಟ್ಟಿ ಬಡಿದರು. ಆಟೋದವರು ಮೂವತ್ತರೊಳಗಿನವರು ಕೈ ಮಾಡಿದರೆ ನಿಲ್ಲಿಸದಾದರು. ಮಹಡಿ ಮನೆಯವರು ಮಕ್ಕಳನ್ನು ಕೆಳಗಿನ ಕೋಣೆಗೆ ಇಳಿಸಿ, ಮೇಲಿನದನ್ನು ಬಾಡಿಗೆಗೆ ಕೊಟ್ಟರು. ಕಲ್ಯಾಣ ಮಂಟಪಗಳಲ್ಲಿ ಮದುಮಕ್ಕಳ ಕುರ್ಚಿಯ ಕೆಳಗೆ ಸಿಮೆಂಟಿನ ಕಂಬ ಎದ್ದವು. ಯಾಕೆ ಹೀಗಾಗುತ್ತಿದೆ ಎಂದು ಚರ್ಚಿಸಲು ಪುರಭವನದಲ್ಲಿ ಒಂದು ಸಭೆಯೂ ನಡೆಯಿತು. ಮೊಬೈಲೇ ಕಾರಣ ಎಂದರು ಒಬ್ಬರು, ರೊಟ್ಟಿ ಬಿಟ್ಟು ಮೈದಾ ತಿಂದದ್ದಕ್ಕೆ ಎಂದರು ಇನ್ನೊಬ್ಬರು, ನಮ್ಮ ಕಾಲದಲ್ಲಿ ಚಡ್ಡಿ ಹರಿದಿದ್ದರೂ ನಾವು ಹಗುರವಾಗಿದ್ದೆವು ಎಂದು ಮೂರನೆಯವರು ಕಣ್ಣೊರೆಸಿಕೊಂಡರು. ಪುರಭವನದ ನೆಲ ಹಲಗೆಯದಾದ್ದರಿಂದ ಹುಡುಗರನ್ನು ಸಭೆಗೆ ಕರೆದಿರಲಿಲ್ಲ. ಸರ್ಕಾರಿ ದವಾಖಾನೆಯ ಡಾಕ್ಟರಮ್ಮ ಒಬ್ಬರೇ ಎದ್ದು ನಿಂತು, "ಮಾತ್ರೆ ನಾ ಕೊಡ್ತೀನಿ, ಮಾತ್ರೆ ಕೆಲಸಾನೂ ಮಾಡ್ತಾವ. ಆದರ ದಿನಾ ಮುಂಜಾನೆ ಎದ್ದು ನೀವು ಅವರ ಮ್ಯಾಲ ಹೊಸದಾಗಿ ಹೇರತೀರಲ್ಲ, ಅದಕ್ಕೆ ಯಾವ ಮಾತ್ರೆ ಬರದು ಕೊಡಲಿ?" ಎಂದರು. ಎರಡು ತಿಂಗಳೊಳಗೆ ಅವರಿಗೆ ವರ್ಗವಾಯಿತು.

ನಾನು ದ್ಯಾಮಣ್ಣ, ಹಮಾಲ. ಮೂವತ್ತೊಂದು ವರ್ಷ ಮಾರುಕಟ್ಟೆಯ ಅಂಗಳದಲ್ಲಿ ಚೀಲ ಹೊತ್ತವನು. ಯಂತ್ರಗಳು ಬಂದು ನಮ್ಮ ಬೆನ್ನಿಗೆ ಕೆಲಸವಿಲ್ಲದಂತಾಗಿದ್ದ ಹೊತ್ತಿಗೆ ಊರಿನ ಮಕ್ಕಳು ಭಾರವಾದರು. ನಾಚಿಕೆ ಬಿಟ್ಟು ಹೇಳುತ್ತೇನೆ, ನಮಗದು ಸುಗ್ಗಿಯಾಯಿತು. ಎರಡು ಗಟ್ಟಿ ಬಿದಿರು, ನಡುವೆ ದಪ್ಪ ಹಲಗೆ, ಮುಂದೆ ಇಬ್ಬರು, ಹಿಂದೆ ಇಬ್ಬರು. ಪರೀಕ್ಷೆಗೆ, ಸಂದರ್ಶನಕ್ಕೆ, ಹೆಣ್ಣು ನೋಡುವ ಶಾಸ್ತ್ರಕ್ಕೆ, ಎಲ್ಲದಕ್ಕೂ ನಮ್ಮನ್ನೇ ಕರೆಯುತ್ತಿದ್ದರು. ನಮ್ಮ ಸಂಘದ ಕೋಣೆಯಲ್ಲಿ ಶನಿವಾರ ಶನಿವಾರ ಒಬ್ಬರು ಪೇಪರು, ಪುಸ್ತಕ ಓದಿ ಹೇಳುತ್ತಿದ್ದರು. ನಾನು ಅಕ್ಷರ ಕಲಿತದ್ದೂ ಅಲ್ಲಿಯೇ. ಯಾರ ದುಡಿಮೆಯನ್ನು ಯಾರು ತಿನ್ನುತ್ತಾರೆ ಎಂದು ಅಲ್ಲಿ ಗಂಟಲು ಹರಿಯುವಂತೆ ವಾದ ಮಾಡುತ್ತಿದ್ದೆವು. ಭಾನುವಾರ ಎದ್ದು ಯಾವುದೋ ಮನೆಯ ಮಗುವನ್ನು ಹಲಗೆಯ ಮೇಲೆ ಇಟ್ಟುಕೊಂಡು, ತುಟಿ ಎರಡು ಮಾಡದೆ ಹೊತ್ತು ನಡೆಯುತ್ತಿದ್ದೆವು.

ತುಟಿ ಎರಡು ಮಾಡದಿರುವುದು ಹಮಾಲರ ನೇಮ. ನನಗೆ ಚೀಲ ಹೊರುವುದನ್ನು ಕಲಿಸಿದ ಮೇಸ್ತ್ರಿ ಜಂಬಣ್ಣ ಮೊದಲ ದಿನವೇ ಹೇಳಿದ್ದ. "ಚೀಲದಾಗ ಏನೈತಿ ಅಂತ ಕೇಳಬ್ಯಾಡಲೇ. ಸಕ್ಕರಿ ಅಂತ ತಿಳಿದ್ರ ಬಾಯಾಗ ನೀರು ಬರ್ತಾವ, ಗೊಬ್ಬರ ಅಂತ ತಿಳಿದ್ರ ಮೂಗು ಮುಚ್ಚಬೇಕು ಅನಸ್ತೈತಿ. ಎರಡರಾಗ ಯಾವುದಾದ್ರೂ ಹೆಜ್ಜಿ ತಪ್ಪತೈತಿ. ಬೆನ್ನಿಗೆ ಎರಡೂ ಒಂದ." ಆ ಮಾತನ್ನು ನಾವು ದೇವರ ಮಾತಿನಂತೆ ನಡೆಸಿದೆವು. ಚೀಲಕ್ಕೂ ನಡೆಸಿದೆವು, ಮಕ್ಕಳಿಗೂ ನಡೆಸಿದೆವು.

ಪ್ರಮೋದ ಎಂಬ ಹುಡುಗನನ್ನು ನಾವು ನಾಲ್ಕು ಸಲ ಹೊತ್ತಿದ್ದೇವೆ. ನಿವೃತ್ತ ಹೆಡ್‌ಮಾಸ್ತರ ಗುರುಸಿದ್ದಪ್ಪನವರ ಮಗ. ನಾಲ್ಕೂ ಸಲ ಅದೇ ಸರ್ಕಾರಿ ನೌಕರಿಯ ಅದೇ ಪರೀಕ್ಷೆಗೆ. ಒಮ್ಮೆ ಪ್ರಶ್ನೆಪತ್ರಿಕೆ ಸೋರಿ ರದ್ದಾಯಿತು, ಒಮ್ಮೆ ಫಲಿತಾಂಶವೇ ಬರಲಿಲ್ಲ, ಒಮ್ಮೆ ಬಂದ ಪಟ್ಟಿಯನ್ನು ಹಿಂದಕ್ಕೆ ಪಡೆದರು. ನಾಲ್ಕನೆಯ ಸಲ ಹೋದಾಗ ಮಾಸ್ತರರು ಬಾಗಿಲಲ್ಲಿ ನಿಂತು, "ಹುಷಾರ್ರಪಾ, ಗ್ವಾಡಿಗೆ ತಾಗ್ಯಾತು, ಮೊನ್ನೆರ ಬಣ್ಣ ಹೊಡಿಸೀವಿ" ಎಂದರು. ನನ್ನ ಜೊತೆ ಬಿದಿರಿನ ಮುಂದಿನ ತುದಿ ಹಿಡಿಯುವ ಖಾಜಾಸಾಬ, "ಮಾಸ್ತರ್ರ, ಗ್ವಾಡಿ ಒಳಗಿಂದ ಸೀಳೈತ್ರಿ, ಬಣ್ಣಕ್ಕ ಏನೂ ಆಗೂದಿಲ್ಲ ಬಿಡ್ರಿ" ಎಂದ. ಮಾಸ್ತರರು ಕೇಳಿಸದವರಂತೆ, "ಹಿತ್ತಲ ದಾರಿ ಹಿಡೀರಿ. ಮುಂದಿನ ಓಣ್ಯಾಗ ವಕೀಲ್ರ ಮನಿಯವರು ನೋಡ್ತಾರ, ಅವರ ಮಗ ನೌಕರಿಗೆ ಸೇರ್ಯಾನ" ಎಂದರು. ದಾರಿಯ ಮಧ್ಯೆ ಹಲಗೆಯ ಮೇಲಿಂದ ಹುಡುಗ ಕೇಳಿದ. "ಅಣ್ಣಾ, ಹೋದ ಸಲಕ್ಕಿಂತ ಜಾಸ್ತಿ ಆಗೇನೇನು?" ಆಗಿದ್ದ. ಬಿದಿರು ಹೆಗಲೊಳಗೆ ಇಳಿಯುತ್ತಿತ್ತು. ನಾನು ಉಸಿರು ಕಟ್ಟಿದ್ದೆ, ಉತ್ತರ ಕೊಡಲಿಲ್ಲ. ಖಾಜಾಸಾಬನೂ ಕೊಡಲಿಲ್ಲ. ಪರೀಕ್ಷಾ ಕೇಂದ್ರದ ಬಾಗಿಲಿಗೆ ಚೀಟಿ ಅಂಟಿಸಿದ್ದರು, ಮುಂದೂಡಲಾಗಿದೆ ಎಂದು. ಅದೇ ಹಿತ್ತಲ ದಾರಿಯಲ್ಲಿ ಅವನನ್ನು ವಾಪಸು ತಂದು, ಅದೇ ಕೋಣೆಯಲ್ಲಿ ಇಳಿಸಿದೆವು. ಅವನು ಮತ್ತೆ ಏಳಲಿಲ್ಲ.

ಏಳದವರಿಗೆಂದು ಅಷ್ಟರಲ್ಲಿ ನಗರಸಭೆಯ ಹೊಸ ಆದೇಶ ಬಂದಿತ್ತು. ಮೂರು ದಿನ ಕೂತಲ್ಲಿಂದ ಏಳದವರಿಂದ ಮನೆಗಳ ಬುನಾದಿಗೆ ಅಪಾಯ, ಅಂಥವರನ್ನು ಊರಾಚೆಯ ಹಳೆಯ ಹತ್ತಿ ಗೋದಾಮಿಗೆ ಸಾಗಿಸತಕ್ಕದ್ದು. ಗೋದಾಮಿನ ನೆಲ ಬಂಡೆಯದು. ಸಾಗಿಸುವವರು ನಾವೇ. ಪ್ರಮೋದನನ್ನು ಒಯ್ದೆವು. ಅವನ ಹಿಂದೆ ಮೂವತ್ತು ನಲವತ್ತು ಮಂದಿಯನ್ನು ಒಯ್ದೆವು. ಸೆರಗು ಬಾಯಿಗೆ ಇಟ್ಟುಕೊಂಡು ಅಳುವ ತಾಯಂದಿರಿಗೆ ನಾನು ಹೇಳುತ್ತಿದ್ದೆ, "ಅಲ್ಲಿ ಛಲೋ ಗಾಳಿ ಬರ್ತೈತ್ರೀ ಯವ್ವಾ, ಚಿಂತಿ ಮಾಡಬ್ಯಾಡ್ರಿ." ಗಾಳಿ ಬರುತ್ತಿದ್ದದ್ದು ನಿಜ. ಗೋದಾಮಿಗೆ ಒಂದು ಕಡೆ ಗೋಡೆಯೇ ಇರಲಿಲ್ಲ.

ಇಷ್ಟೆಲ್ಲ ಆಗುವಾಗ ನನ್ನ ಮಗಳು ಹುಲಿಗೆಮ್ಮ ನನ್ನ ಹೆಮ್ಮೆಯಾಗಿದ್ದಳು. ನಾವು ಕರೆಯುವುದು ಹುಲಿಗಿ. ಇಪ್ಪತ್ತೊಂಬತ್ತು ವರ್ಷ. ಎಂಎಸ್ಸಿ, ಬಿಎಡ್ ಎರಡನ್ನೂ ಮುಗಿಸಿ, ಸರ್ಕಾರಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿ ಗಣಿತ ಹೇಳುತ್ತಿದ್ದಳು. ಬೆಳಿಗ್ಗೆ ಐದಕ್ಕೆ ಎದ್ದು ನಳದ ನೀರು ತುಂಬುವವಳು ಅವಳೇ, ಅವ್ವನಿಗೆ ರೊಟ್ಟಿ ಬಡಿದುಕೊಡುವವಳು ಅವಳೇ, ಸಂಜೆ ಓಣಿಯ ಮಕ್ಕಳಿಗೆ ಪಾಠ ಹೇಳುವವಳೂ ಅವಳೇ. ಊರಿನ ಮಕ್ಕಳನ್ನೆಲ್ಲ ಹೊತ್ತು ದಣಿದು ಬಂದು ನಾನು ಕಟ್ಟೆಯ ಮೇಲೆ ಕೂತು, ಓಣಿಗೆಲ್ಲ ಕೇಳುವ ಹಾಗೆ ಅನ್ನುತ್ತಿದ್ದೆ, "ನಮ್ಮ ಹುಲಿಗಿ ಬಂಗಾರ ನೋಡ್ರಪಾ. ಒಂದು ದಿನ ಕುಂತಾಕಿ ಅಲ್ಲ." ಅವಳ ನಡಿಗೆ ನೋಡಿ ನಮ್ಮ ಗ್ಯಾಂಗಿನವರು, "ಹಮಾಲನ ಮಗಳು ಹೌದಪಾ" ಎಂದು ನಗುತ್ತಿದ್ದರು. ಮೊಣಕಾಲನ್ನು ತುಸು ಬಗ್ಗಿಸಿ, ಹೆಜ್ಜೆಯನ್ನು ಎತ್ತಿ ಇಡದೆ ನೆಲಕ್ಕೆ ಸವರಿ ಇಟ್ಟು, ಕಣ್ಣನ್ನು ಮೂರು ಮಾರು ಮುಂದೆ ನೆಟ್ಟು ನಡೆಯುತ್ತಿದ್ದಳು. ಚಿಕ್ಕವಳಿದ್ದಾಗ ನನಗೆ ಬುತ್ತಿ ತಂದವಳು ಅಂಗಳದಲ್ಲಿ ನಿಂತು ನಮ್ಮನ್ನು ನೋಡಿ, ಮನೆಯಲ್ಲಿ ತಲೆದಿಂಬನ್ನು ಬೆನ್ನಿಗೆ ಹಾಕಿಕೊಂಡು ಹಾಗೆ ಆಟವಾಡುತ್ತಿದ್ದಳು. ಅದೇ ರೂಢಿ ಎಂದುಕೊಂಡೆ. ತುಂಬಿದ ಚೀಲ ಬೆನ್ನ ಮೇಲಿದ್ದಾಗ ಮಾತ್ರ ಹಮಾಲ ಹಾಗೆ ನಡೆಯುತ್ತಾನೆ, ಖಾಲಿ ಬೆನ್ನಿಗೆ ಆ ನಡಿಗೆ ಬರುವುದಿಲ್ಲ. ಇದು ಗೊತ್ತಿದ್ದವರು ಊರಿನಲ್ಲಿ ಇದ್ದದ್ದೇ ನಾವು ಹದಿನಾರು ಮಂದಿ. ಹದಿನಾರು ಮಂದಿಯೂ ನೋಡಿ ನಕ್ಕೆವು.

ಮನೆಯ ಹಾಸುಗಲ್ಲುಗಳು ಒಡೆಯುತ್ತಿದ್ದವು. ಅಡುಗೆ ಮನೆಯಲ್ಲಿ ಎರಡು, ಬಚ್ಚಲ ಹತ್ತಿರ ಒಂದು. ನಾನು ಹೆಗ್ಗಣದ ಕಾಟ ಎಂದು ಕಲ್ಲು ಬದಲಾಯಿಸಿದೆ. ಮೂರನೆಯ ಸಲ ಬದಲಾಯಿಸುವಾಗ ಹೆಂಡತಿ ನೀಲವ್ವ ದೀಪ ಹಿಡಿದು ನಿಂತವಳು, "ಹೆಗ್ಗಣ ಆಕಿ ನಿಂದ್ರೂ ಜಾಗಾದಾಗ ಯಾಕ ತೋಡ್ತಾವ?" ಎಂದಳು. "ನಿನ್ನ ತಲಿ. ದಿನಾ ಓಡ್ಯಾಡಾಕಿ ಭಾರ ಹ್ಯಾಂಗ ಆಗ್ತಾಳ? ಭಾರ ಆದವರನ್ನ ನಾ ದಿನಾ ನೋಡ್ತೀನಿ, ನೀ ನೋಡೀಯೇನು?" ಎಂದು ಗದರಿದೆ. ನೀಲವ್ವ ದೀಪ ಕೆಳಗಿಟ್ಟು ಒಳಗೆ ಹೋದಳು. ಅವಳು ಹೇಳಿದ್ದನ್ನು ಅಳೆಯಲು ನನ್ನ ಹತ್ತಿರ ಮೂವತ್ತೊಂದು ವರ್ಷದ ಅನುಭವವಿತ್ತು. ಆ ಅನುಭವಕ್ಕೆ ಬೆಂಕಿ ಬೀಳಲಿ.

ಮಾರ್ಚ್ ತಿಂಗಳ ಕೊನೆಯ ಶನಿವಾರ. ಮಧ್ಯಾಹ್ನ ಶಾಲೆ ಬಿಟ್ಟು ಬಂದವಳು, ಚಪ್ಪಲಿ ಬಿಚ್ಚಲೆಂದು ಹೊಸ್ತಿಲ ಮುಂದಿನ ಕಲ್ಲಿನ ಮೇಲೆ ಕೂತಳು. ಕಲ್ಲು ಪಟ್ಟನೆ ಸೀಳಿತು. "ಅಪ್ಪಾ, ಜರಾ ಕುಂದರತೀನಿ" ಎಂದಳು. ನಾನು ಒಳಗೆ ಉಣ್ಣುತ್ತಿದ್ದೆ. "ಕುಂದರವಾ, ಯಾರು ಬ್ಯಾಡ ಅಂದ್ರು?" ಎಂದು ನಕ್ಕೆ. ಕೈ ತೊಳೆದು ಬಂದಾಗಲೂ ಕೂತಿದ್ದಳು. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಬಿಸಿಲು ಅವಳ ಮುಖದ ಮೇಲೆ ಬಂದರೂ ಸರಿಯಲಿಲ್ಲ. ನಾನು ರಟ್ಟೆಯ ಕೆಳಗೆ ಕೈ ಹಾಕಿದೆ. ನನ್ನ ಬುದ್ಧಿಗಿಂತ ಮೊದಲು ನನ್ನ ಕೈಗೆ ಗೊತ್ತಾಯಿತು. ಅಷ್ಟು ತೂಕವನ್ನು ಆ ಕೈ ಯಾವತ್ತೂ ಮುಟ್ಟಿರಲಿಲ್ಲ.

ನಮ್ಮ ಗ್ಯಾಂಗಿನ ನಾಲ್ವರು ಬಂದರು, ಎತ್ತಲು ಆಗಲಿಲ್ಲ. ಎಂಟಾದರು, ಹದಿನಾರಾದರು. ಬಿದಿರು ಎರಡೂ ಮುರಿದವು. ನೀಲವ್ವ ಹೊಸ್ತಿಲೊಳಗೆ ನಿಂತು ಎದೆ ಬಡಿದುಕೊಳ್ಳುತ್ತಿದ್ದಳು. ಆಗ ಖಾಜಾಸಾಬ ಮುರಿದ ಬಿದಿರನ್ನು ಪಕ್ಕಕ್ಕೆ ಎಸೆದು, ಹುಲಿಗಿಯ ಎದುರಿಗೆ ಮಣ್ಣಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಅವಳು ಹುಟ್ಟಿದಾಗ ದವಾಖಾನೆಯಿಂದ ಎತ್ತಿಕೊಂಡು ಬಂದವನು ಅವನು. "ಬೇಟಾ, ಒಳಗ ಏನೈತವಾ?" ಎಂದು ಕೇಳಿದ. ಉಳಿದ ಹಮಾಲರು ಮುಖ ಆಚೆ ತಿರುಗಿಸಿದರು. ನಾನೂ ತಿರುಗಿಸಿದೆ. ಕಿವಿಗಳು ಅಲ್ಲಿಯೇ ಇದ್ದವು.

ಹುಲಿಗಿ ಕೈಯಲ್ಲಿದ್ದ ಚಪ್ಪಲಿಯನ್ನು ನೆಲಕ್ಕಿಟ್ಟಳು. ಆಮೇಲೆ ತರಗತಿಯಲ್ಲಿ ಲೆಕ್ಕ ಬಿಡಿಸಿ ಹೇಳುವ ದನಿಯಲ್ಲಿಯೇ ಹೇಳತೊಡಗಿದಳು. "ಕಾಕಾ, ಇವತ್ತು ನಮ್ಮನ್ನ ಕೆಲಸದಿಂದ ಬಿಟ್ಟರು. ಪ್ರತಿ ಮಾರ್ಚಿಗೂ ಬಿಡ್ತಾರ, ಜೂನಿಗೆ ಬಾ ಅಂತಾರ, ಒಮ್ಮೊಮ್ಮೆ ಅನ್ನೂದಿಲ್ಲ. ಐದು ವರ್ಷ ಆತು. ಹಾಜರಿ ಪುಸ್ತಕದಾಗ ನಮ್ಮ ಹೆಸರಿಲ್ಲ, ನಮಗ ಬ್ಯಾರೇ ಹಾಳಿ. ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಬಾಕಿ ಕೇಳಿದ್ಲು, ಮಿಸ್, ನೀವು ಖರೇ ಮಿಸ್ಸೇನ್ರಿ ಅಂತ. ಖಾಯಂ ನೌಕರಿ ಪರೀಕ್ಷೆ ಮೂರು ಸಲ ಬರದೆ, ಎರಡು ಸಲ ರದ್ದು ಮಾಡಿದ್ರು. ಮುಂದಿನದು ಬರೂದ್ರಾಗ ವಯಸ್ಸು ಮೀರತೈತೋ ಏನೋ. ಹೋದ ವರ್ಷ ನೋಡಾಕ ಬಂದಿದ್ರಲ್ಲ, ಆ ಮಂದಿ ನನ್ನ ಹಲಗಿ ಮ್ಯಾಲ ನಿಂದ್ರಿಸಿ ನೋಡಿದ್ರು, ಕಿರ್ ಅಂತೈತೇನಂತ. ನಾ ಅಪ್ಪನಂಗ ಉಸಿರು ಕಟ್ಟಿ ನಿಂತೆ, ಹಲಗಿ ಸಪ್ಪಳ ಮಾಡಲಿಲ್ಲ. ಹುಡುಗಿ ಹಗುರ ಅದಾಳ ಅಂತ ಒಪ್ಪಿದ್ರು. ಆಮ್ಯಾಲ ಗೊತ್ತಾತು, ಅವರ ಹುಡುಗನೇ ಆರು ತಿಂಗಳಿಂದ ಮಂಚ ಬಿಟ್ಟು ಎದ್ದಿದ್ದಿಲ್ಲ." ಇದಕ್ಕೆ ಹಮಾಲರಲ್ಲಿ ಒಬ್ಬ ತಡೆಯಲಾರದೆ ಫಕ್ಕನೆ ನಕ್ಕ. ಹುಲಿಗಿಯೂ ನಕ್ಕಳು. ನಗುತ್ತಲೇ ಮುಂದುವರಿದಳು. "ದಿನಾ ಮೊಬೈಲ್ನಾಗ ಗೆಳತ್ಯಾರ ಫೋಟೋ ನೋಡ್ತಿದ್ದೆ. ಎಲ್ಲಾರೂ ನಗತಾರ. ನಾನೂ ನಕ್ಕೊಂತ ಒಂದು ಹಾಕ್ತಿದ್ದೆ. ನನ್ನದನ್ನ ನೋಡಿ ಯಾವಾಕಿ ಎಷ್ಟು ಭಾರ ಆದಳೋ ಯಾರಿಗೆ ಗೊತ್ತು."

"ಅವ್ವಗ, ಅಪ್ಪಗ ಹೇಳಬೇಕಿಲ್ಲೇನು?" ಎಂದ ಖಾಜಾಸಾಬ.

ಅವಳು ನನ್ನ ಕಡೆಗೆ ನೋಡಲಿಲ್ಲ. "ಅಪ್ಪ ದಿನಾ ಸಂಜಿಕೆ ಕಟ್ಟಿ ಮ್ಯಾಲ ಕುಂತು ಅಂತಿದ್ದ ಕಾಕಾ, ನಮ್ಮ ಹುಲಿಗಿ ಒಂದು ದಿನ ಕುಂತಾಕಿ ಅಲ್ಲ ಅಂತ. ಒಳಗ ಕುಂದರಬೇಕು ಅಂತ ಬಾಗಿದಾಕಿ ಆ ಮಾತು ಕೇಳಿ ಮತ್ತ ನೆಟ್ಟಗ ನಿಂದ್ರತಿದ್ದೆ. ಉಳಿದದ್ದೆಲ್ಲ ಹೊರಬಹುದಿತ್ತು. ಅದು ಭಾಳ ಭಾರ ಇತ್ತು."

ಅವಳು ಮುಗಿಸಿದ ಮೇಲೆ ಖಾಜಾಸಾಬ ಕಣ್ಣೊರೆಸಿಕೊಂಡು ಎದ್ದ. "ಬರ್ರೋ, ಇನ್ನೊಮ್ಮೆ ಹಿಡೀರಿ. ಹೇಳಿಕೊಂಡಾಳ, ಈಗ ಹಗುರ ಆಗಿರಬೇಕು." ಹೊಸ ಬಿದಿರು ತಂದು ಹದಿನಾರು ಮಂದಿಯೂ ಹಿಡಿದೆವು. ಕೂದಲೆಳೆಯಷ್ಟೂ ಅಲುಗಲಿಲ್ಲ. ಹೇಳಿಕೊಂಡರೆ ಹಗುರವಾಗುತ್ತದೆ ಎಂದು ಎಲ್ಲರೂ ಅನ್ನುತ್ತಾರೆ. ಹೇಳಿದ ಯಾವ ಮಾತು ಬದಲಾಗಿತ್ತು? ಮಾರ್ಚ್ ಬದಲಾಗಿತ್ತೇ, ಬೇರೆ ಹಾಳೆ ಬದಲಾಗಿತ್ತೇ, ರದ್ದಾದ ಪರೀಕ್ಷೆ ಬದಲಾಗಿತ್ತೇ? ಎಲ್ಲವೂ ಇದ್ದಲ್ಲಿಯೇ ಇರುವಾಗ, ಅವಳೊಬ್ಬಳೇ ಯಾವ ನ್ಯಾಯಕ್ಕೆ ಹಗುರವಾಗಬೇಕಿತ್ತು?

ಬಿಸಿಲಿಗೆಂದು ಅವಳ ಮೇಲೊಂದು ತಾಡಪಾಲು ಕಟ್ಟಿದೆವು. ನೀಲವ್ವ ತುತ್ತು ಮಾಡಿ ಉಣ್ಣಿಸಿದಳು. ಮಂಗಳವಾರಕ್ಕೆ ಮೂರು ದಿನವಾಯಿತು. ಬೆಳಿಗ್ಗೆಯೇ ನಗರಸಭೆಯ ಸೂಪರ್‌ವೈಸರ್ ಕೈಯಲ್ಲಿ ಕಾಗದ ಹಿಡಿದು ಬಂದ. "ಏನ್ ದ್ಯಾಮಣ್ಣ, ನಿನ್ನ ಗ್ಯಾಂಗ್ ರೆಡಿ ಐತಲ್ಲ?" ಎಂದ. ಕಾಗದದಲ್ಲಿ ಮನೆಯ ನಂಬರು ಮಾತ್ರ ಇತ್ತು, ಅದು ಯಾರ ಮನೆ ಎಂದು ಅವನು ನೋಡಿರಲಿಲ್ಲ. ತಾಡಪಾಲಿನ ಕೆಳಗೆ ಹುಲಿಗಿಯನ್ನು ನೋಡಿದ ಮೇಲೆ ಅವನ ಮುಖ ಸಣ್ಣದಾಯಿತು. ಆದರೂ ಕಾಗದವನ್ನು ಮಡಚಲಿಲ್ಲ. "ನಾವು ಎತ್ತೂದಿಲ್ರಿ" ಎಂದೆ. "ನಿನ್ನ ಮಗಳು ಅಂತ ಈಗ ಅಂತೀ. ಮಂದಿ ಮಕ್ಕಳನ್ನ ಒಯ್ಯುವಾಗ ಛಲೋ ಗಾಳಿ ಬರ್ತೈತಿ ಅಂತಿದ್ಯಲ್ಲೋ?" ಎಂದ. ಅವನು ಕೆಟ್ಟ ಮನುಷ್ಯ, ಆದರೆ ಹೇಳಿದ್ದು ಸತ್ಯ. ಖಾಜಾಸಾಬ ಮುಂದೆ ಬಂದು, "ಹೌದ್ರಿ, ಅಂದಿದ್ವಿ. ತಪ್ಪು ಮಾಡಿದ್ವಿ. ಇನ್ನು ಯಾರ ಮಕ್ಕಳನ್ನೂ ಎತ್ತೂದಿಲ್ಲ. ಬರಕೊಳ್ರಿ" ಎಂದ. ಹದಿನಾರು ಮಂದಿಯೂ ಹೆಗಲ ಮೇಲಿನ ಟವೆಲ್ಲು ತೆಗೆದು ನೆಲಕ್ಕೆ ಹಾಕಿದೆವು. ಹಮಾಲರು ಕೆಲಸ ನಿಲ್ಲಿಸುವುದು ಹಾಗೆ.

ಸೂಪರ್‌ವೈಸರ್ ಮಾರನೆಯ ದಿನವೇ ಪಕ್ಕದ ಊರಿನಿಂದ ಆಳುಗಳನ್ನು ತಂದ. ಲಾರಿಯಿಂದ ಎಂಟು ಮಂದಿ ಇಳಿದರು. ಇಳಿದ ಕೂಡಲೆ ಲಾರಿಯ ಹಿಂಭಾಗ ಒಂದು ಮೊಳ ಮೇಲೆದ್ದದ್ದನ್ನು ನಾನು ನೋಡಿದೆ. ಎಂಟೂ ಮಂದಿ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗರು. ದಿನಗೂಲಿಗೆ ಬೇರೆ ಯಾರು ಸಿಗುತ್ತಾರೆ? ಕಬ್ಬಿಣದ ಕೊಳವೆಗಳನ್ನು ಹೊಂದಿಸಿ, ಹುಲಿಗಿಯ ಎರಡೂ ಕಡೆ ನಾಲ್ಕು ನಾಲ್ಕು ಮಂದಿ ಬಗ್ಗಿದರು. ನೀಲವ್ವ ಅವರ ಕಾಲು ಹಿಡಿಯಲು ಓಡಿದಳು. "ಎತ್ತು!" ಎಂದ ಸೂಪರ್‌ವೈಸರ್. ಬಗ್ಗಿದವರು ಬಗ್ಗಿದಂತೆಯೇ ಇದ್ದರು. ತುದಿಯಲ್ಲಿದ್ದ ಹುಡುಗ ಮೊದಲು ಕುಕ್ಕರಗಾಲಿನಲ್ಲಿ ಕೂತ, ಆಮೇಲೆ ಪೂರ್ತಿ ಕೂತ. ಅವನ ಪಕ್ಕದವನು ಕೂತ. ಒಬ್ಬರ ಹಿಂದೆ ಒಬ್ಬರಂತೆ ಎಂಟೂ ಮಂದಿ ಹುಲಿಗಿಯ ಸುತ್ತ ಕೂತುಬಿಟ್ಟರು. ಸೂಪರ್‌ವೈಸರ್ ಬೈದ, ಒದೆಯಲು ಕಾಲೆತ್ತಿದವನು ಖಾಜಾಸಾಬನ ಮುಖ ನೋಡಿ ಇಳಿಸಿದ. ಹುಲಿಗಿ ಪಕ್ಕದ ಹುಡುಗನನ್ನು ಕೇಳಿದಳು, "ಏನ್ ಓದೀದಿ ತಮ್ಮಾ?"

"ಬಿಕಾಂ, ಅಕ್ಕಾ. ನೀವು?"

"ಎಂಎಸ್ಸಿ."

"ಹಂಗಾರ ನಿಮ್ಮನ್ನ ಎತ್ತಾಕ ಬಂದದ್ದು ನಮ್ಮ ತಪ್ಪಕ್ಕಾ" ಎಂದ ಹುಡುಗ. ಎಂಟೂ ಮಂದಿ ಹೋ ಎಂದು ನಕ್ಕರು. ಆ ನಗು ಕೇಳಿ ಓಣಿಯವರು ಬಾಗಿಲು ಹಾಕಿಕೊಂಡರು.

ಒಂಬತ್ತು ಮಂದಿಯ ಕೆಳಗೆ ನೆಲ ತಗ್ಗತೊಡಗಿದ್ದು ಮಧ್ಯಾಹ್ನದ ಹೊತ್ತಿಗೆ. ಮೊದಲು ಒಂದು ಬೆರಳು, ಆಮೇಲೆ ಒಂದು ಗೇಣು. ಸೂಪರ್‌ವೈಸರ್ ಮೇಲಿನವರನ್ನು ಕರೆತರುತ್ತೇನೆ ಎಂದು ಹೋದವನು ಬರಲಿಲ್ಲ. ಹಮಾಲರು ಹಗ್ಗ ತಂದರು, ಹಗ್ಗ ಹರಿಯಿತು. ನಾಲ್ಕು ಗಂಟೆಗೆ ಹುಲಿಗಿಯ ಭುಜ ರಸ್ತೆಯ ಮಟ್ಟಕ್ಕೆ ಬಂತು. ನಾನು ತಗ್ಗಿಗೆ ಹಾರಿ ಅವಳ ಪಕ್ಕ ಕೂತೆ, ನನ್ನ ಭಾರವನ್ನೆಲ್ಲ ಬಿಟ್ಟು ಕೂತೆ. ನನ್ನ ಕೆಳಗಿನ ಮಣ್ಣು ಅಲುಗಲಿಲ್ಲ. ಐವತ್ತಾರು ವರ್ಷದ ಅಪ್ಪ ನಾನು. ಅವಳು ಕೆಳಗೆ ಇಳಿಯುತ್ತಲೇ ಹೋದಳು, ನಾನು ಕೂತಲ್ಲಿಯೇ ಮೇಲೆ ಉಳಿದೆ. ಆ ಹೊತ್ತಿನ ನಾಚಿಕೆಯನ್ನು ಏನೆಂದು ಬರೆಯಲಿ.

ಹೊತ್ತು ಮುಳುಗುವಾಗ ಅವಳ ನೆತ್ತಿ ಮಾತ್ರ ನನಗೆ ಕಾಣುತ್ತಿತ್ತು. ಸುತ್ತಲೂ ಎಂಟು ನೆತ್ತಿಗಳು. ಕೆಳಗಿನಿಂದ ಏನೋ ಹೇಳುತ್ತಿದ್ದಳು. ತಿಳಿಯಲಿಲ್ಲ. ನಾನು ಬೋರಲಾಗಿ ಮಲಗಿ, ಎದೆಯವರೆಗೆ ಮೈಯನ್ನು ತಗ್ಗಿಗೆ ಇಳಿಬಿಟ್ಟೆ. ನನ್ನ ಕಾಲುಗಳನ್ನು ಖಾಜಾಸಾಬ ಹಿಡಿದುಕೊಂಡ.

"ಅಪ್ಪಾ, ಅವತ್ತು ಖಾಜಾ ಕಾಕಾನ ಮುಂದ ಎಲ್ಲಾ ಹೇಳಲಿಲ್ಲ. ಇನ್ನೂ ಐತಿ" ಎಂದಳು.

"ಹೇಳವಾ" ಎಂದೆ.

ಹೇಳತೊಡಗಿದಳು. ಅವಳು ಮುಗಿಸುವ ಮೊದಲೇ ಪಕ್ಕದ ಹುಡುಗ ಶುರು ಮಾಡಿದ, ಅವನ ಆಚೆಯವನು ಶುರು ಮಾಡಿದ. ದನಿಗಳು ಕ್ಷಣಕ್ಷಣಕ್ಕೂ ದೂರವಾಗುತ್ತಿದ್ದವು. ನಾನು ಖಾಜಾಸಾಬನಿಗೆ ಕೂಗಿದೆ, ಇನ್ನೂ ಕೆಳಗೆ ಬಿಡು ಎಂದು. ಅವನು ಬಿಟ್ಟ. ಇನ್ನೂ ಬಿಡು ಎಂದೆ. ಅವನ ತೋಳುಗಳು ಅಷ್ಟಕ್ಕೇ ಮುಗಿದಿದ್ದವು.